ಬಾಲಕ್ಕಿಟ್ಟ ವಿಭೂತಿ

ಹರದನಹಳ್ಳಿ
17 ಅಕ್ಟೋಬರ್ 2025

ಚಿರಂಜೀವಿ ಕಾವ್ಯಶ್ರೀಗೆ,

ನಿನ್ನ ಫೋನನ್ನು ತನಿಖೆಯವರು ತೆಗೆದುಕೊಂಡಿದ್ದಾರೆ ಎಂದು ನಿನ್ನ ಜೊತೆ ಕೆಲಸ ಮಾಡುವ ಶೃತಿ ತಿಳಿಸಿದಳು. ಅವಳ ಫೋನಿನಿಂದ ನೀನು ಎರಡು ಸಲ ಮಾತಾಡಿದೆ. ಎರಡು ಸಲವೂ ‘ಊಟ ಆಯ್ತಾ’ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಹೊಸೂರಿನ ಹಾಸ್ಟೆಲಿನ ವಿಳಾಸವನ್ನೂ ಶೃತಿಯೇ ಕೊಟ್ಟಳು.

ನಾನು, ನಿನ್ನ ಅವ್ವ ಇಬ್ಬರೂ ಆರೋಗ್ಯವಾಗಿದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ.

ಪೇಪರಿನಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಇಟ್ಟಿದ್ದೇನೆ. ಒಂದರಲ್ಲಿ ಇದ್ದಂತೆ ಇನ್ನೊಂದರಲ್ಲಿ ಇಲ್ಲ. ಮಾದಮ್ಮನ ವಯಸ್ಸು ಒಂದರಲ್ಲಿ 45, ಇನ್ನೊಂದರಲ್ಲಿ 60. ಒಂದು ಪೇಪರು ಅವಳನ್ನು ‘ಪ್ರವಾಸಿ ಮಹಿಳೆ’ ಎಂದು ಬರೆದಿದೆ. ಆದ್ದರಿಂದ ನನಗೆ ತಿಳಿದಷ್ಟನ್ನು ನಾನೇ ಒಂದು ಹಾಳೆಯಲ್ಲಿ ಬರೆದುಕೊಂಡೆ. ಅದು ಹೀಗಿದೆ: ಅಕ್ಟೋಬರ್ 5, ಭಾನುವಾರ, ಬೆಳಿಗ್ಗೆ 8.40. ಬೇಗೂರಿನ ಬಳಿ ಪ್ರವಾಸಿಗರನ್ನು ಕೂರಿಸಿಕೊಂಡು ಹೂವಿನ ಹೊಲಗಳ ಮೇಲೆ ಸುತ್ತುವ, ನೀನು ಮೆಕ್ಯಾನಿಕ್ ಆಗಿ ನೋಡಿಕೊಳ್ಳುತ್ತಿದ್ದ ಸಣ್ಣ ಹೆಲಿಕಾಪ್ಟರ್, ಆ ದಿನದ ಮೊದಲ ಪರೀಕ್ಷಾ ಸುತ್ತಿಗೆ ಹೊರಟಿತು. ಒಳಗೆ ಇದ್ದವರು ಇಬ್ಬರೇ, ಪೈಲಟ್ ಕ್ಯಾಪ್ಟನ್ ಸೋಮೇಶ್ ಮತ್ತು ಹೆಲಿಪ್ಯಾಡ್ ಗುಡಿಸಿ, ಬಂದವರಿಗೆ ಹೂಮಾಲೆ ಮಾರುತ್ತಿದ್ದ ಬೇಗೂರಿನ ಮಾದಮ್ಮ. ನಾಲ್ಕು ನಿಮಿಷದಲ್ಲಿ ಬಾಲದ ಫ್ಯಾನು ನಿಂತುಹೋಗಿ, ಹೆಲಿಕಾಪ್ಟರ್ ಗಿರಗಿರ ತಿರುಗಿ ಚೆಂಡುಹೂವಿನ ಹೊಲಕ್ಕೆ ಬಿತ್ತು. ಮಾದಮ್ಮ ಅಲ್ಲೇ ತೀರಿಕೊಂಡಳು. ಕ್ಯಾಪ್ಟನ್ ಬೆನ್ನುಮೂಳೆ ಮುರಿದು ಮೈಸೂರಿನ ಆಸ್ಪತ್ರೆಯಲ್ಲಿದ್ದಾರೆ.

ಇಷ್ಟು ಸರಿಯೇ? ತಪ್ಪಿದ್ದರೆ ತಿದ್ದು.

ಅದರ ನಾಲ್ಕು ದಿನ ಮೊದಲು ಆಯುಧಪೂಜೆಗೆಂದು ನೀನು ಹೆಲಿಪ್ಯಾಡಿಗೆ ಕರೆಸಿಕೊಂಡು, ಎಲ್ಲರ ಎದುರು ‘ನಮ್ಮ ಅಪ್ಪಾಜಿ, ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವರು’ ಎಂದು ಪರಿಚಯ ಮಾಡಿಕೊಟ್ಟೆಯಲ್ಲ, ಆ ಫೋಟೋವನ್ನು ಅವ್ವ ದೇವರ ಗೂಡಿನ ಪಕ್ಕ ಇಟ್ಟಿದ್ದಳು. ಈಗ ತೆಗೆದು ಟ್ರಂಕಿನಲ್ಲಿ ಇಟ್ಟಿದ್ದಾಳೆ. ಯಾಕೆ ಎಂದು ನಾನು ಕೇಳಲಿಲ್ಲ.

ಇಂತಿ ನಿನ್ನ ತಂದೆ,
ನೀಲಕಂಠಸ್ವಾಮಿ

ಹೊಸೂರು
3 ನವೆಂಬರ್ 2025

ಅಪ್ಪಾಜಿಯವರಿಗೆ ಮತ್ತು ಅವ್ವನಿಗೆ ನಮಸ್ಕಾರಗಳು.

ನೀವು ಬರೆದದ್ದು ಸರಿಯಾಗಿದೆ. ಮಾದಮ್ಮನ ವಯಸ್ಸು ಐವತ್ತೊಂದು. ಅವಳ ಸೀಟ್ ಬೆಲ್ಟ್ ಹಾಕಿದ್ದು ನಾನು. ಅದೊಂದನ್ನು ಸೇರಿಸಿಕೊಳ್ಳಿ.

ನನ್ನನ್ನು ಕಂಪನಿಯವರು ಇಲ್ಲಿನ ಹ್ಯಾಂಗರಿನಲ್ಲಿ ಇಟ್ಟಿದ್ದಾರೆ. ಕೆಲಸ ಕೊಟ್ಟಿಲ್ಲ. ಬೆಳಿಗ್ಗೆ ಬಂದು ಸಹಿ ಹಾಕಿ ಸ್ಟೋರಿನಲ್ಲಿ ಕೂರುತ್ತೇನೆ, ನಟ್ಟು ಬೋಲ್ಟುಗಳನ್ನು ಅಳತೆ ಪ್ರಕಾರ ಬೇರೆ ಮಾಡಿ ಡಬ್ಬಿಗೆ ಹಾಕುತ್ತೇನೆ. ಸಂಜೆಗೆ ಎಲ್ಲವೂ ಬೇರೆಯಾಗಿರುತ್ತದೆ.

ಅವ್ವ ಕಳಿಸಿದ ಹುರಿಹಿಟ್ಟು ಬಂತು. ಚಳಿ ಅಷ್ಟಿಲ್ಲ. ಚಿಂತೆ ಮಾಡಬೇಡಿ. ದಯವಿಟ್ಟು ಪೇಪರ್ ಕತ್ತರಿಸುವುದನ್ನು ನಿಲ್ಲಿಸಿ.

ಕಾವ್ಯಶ್ರೀ

ಹರದನಹಳ್ಳಿ
9 ನವೆಂಬರ್ 2025

ಚಿ. ಕಾವ್ಯಶ್ರೀಗೆ,

ಪೇಪರ್ ಕತ್ತರಿಸುವುದನ್ನು ನಿಲ್ಲಿಸಿದ್ದೆ. ಇವತ್ತಿನದನ್ನು ಮಾತ್ರ ಬಿಡಲಾಗಲಿಲ್ಲ.

ಜಿಲ್ಲಾ ಪುಟದಲ್ಲಿ ಕೆಳಗಡೆ ಎಂಟು ಸಾಲು. ಕಂಪನಿಯ ಮ್ಯಾನೇಜರು ಹೇಳಿಕೆ ಕೊಟ್ಟಿದ್ದಾನೆ: ‘ಹೊರಗಿನ ವ್ಯಕ್ತಿಗಳು ಅನುಮತಿಯಿಲ್ಲದೆ ಯಂತ್ರಕ್ಕೆ ಪೂಜೆ ಸಲ್ಲಿಸಿದ್ದು, ಬಾಲದ ಗೇರ್‌ಬಾಕ್ಸಿನ ಆಯಿಲ್ ಮಟ್ಟ ತೋರಿಸುವ ಗಾಜು ಮುಚ್ಚಿಹೋಗಿತ್ತು. ನಿರ್ವಹಣೆಯಲ್ಲಿ ಲೋಪವಾಗಿಲ್ಲ.’

ಓದಿ ಮುಗಿಸಿದ ಮೇಲೆ ಹಿತ್ತಿಲಿಗೆ ಹೋಗಿ ಕಲ್ಲಿನ ಮೇಲೆ ಕೂತೆ. ಅವತ್ತಿನದನ್ನು ಮೊದಲಿಂದ ನೆನಪು ಮಾಡಿಕೊಂಡೆ. ಲೋಟದಲ್ಲಿ ವಿಭೂತಿ ಕಲಸಿದ್ದೆ. ಮೂತಿಗೆ ಮೂರು ಬೆರಳಿನಲ್ಲಿ ಎಳೆದೆ, ಎರಡು ಬಾಗಿಲಿಗೆ ಎಳೆದೆ. ಆಮೇಲೆ ಬಾಲದ ಹತ್ತಿರ ಬಂದೆ. ತುದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟಗಲ, ದುಂಡಗೆ, ಕಣ್ಣಿನ ಹಾಗೆ ಏನೋ ಇತ್ತು. ಹಣೆ ಸಿಕ್ಕಿದ ಹಾಗಾಯಿತು ನನಗೆ. ಅದರ ಮೇಲೇ ಮೂರು ಪಟ್ಟೆ ಎಳೆದು ನಡುವೆ ಕುಂಕುಮ ಇಟ್ಟೆ. ಬಿಸಿಲಿಗೆ ಅದು ಸುಣ್ಣ ಬಳಿದ ಹಾಗೆ ಒಣಗಿತು.

ಮಾಲೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಮಾದಮ್ಮ ನಕ್ಕಳು. “ಏನ್ ಸ್ವಾಮಿ, ಮೊಕುಕ್ಕೆ ಇಕ್ಕೋ ಈಬೂತಿಯ ಬಾಲುಕ್ಕೂ ಇಕ್ಬುಟ್ರಲ್ಲ!” ಅಂದಳು.

“ಅದೂ ತಿರುಗೋದೇ ತಾನೆ ಮಾದಮ್ಮ, ಅದಕ್ಕೇನು ಕಮ್ಮಿ?” ಅಂದೆ ನಾನು.

“ಆಗಿದ್ರೆ ನನ್ ಪೊರ್ಕೆಗೂ ಒಸಿ ಇಕ್ಕಿ, ಅದೂ ತಿರುಗ್ತದೆ” ಎಂದು ಪೊರಕೆ ಮುಂದೆ ಹಿಡಿದಳು. ನೀನೂ ನಕ್ಕೆ. ನಾನು ಪೊರಕೆಗೂ ಇಟ್ಟೆ.

ಒಂದೇ ಒಂದು ವಿಷಯ ಕೇಳುತ್ತೇನೆ. ಆ ದುಂಡನೆಯದು ಗಾಜೇ? ಹೌದು ಅಥವಾ ಇಲ್ಲ ಎಂದು ಬರೆ ಸಾಕು.

ನಿನ್ನ ತಂದೆ,
ನೀಲಕಂಠಸ್ವಾಮಿ

ಹೊಸೂರು
24 ನವೆಂಬರ್ 2025

ಅಪ್ಪಾಜಿ,

ಹೌದು.

ಇಷ್ಟನ್ನೇ ಬರೆದು ಕಳಿಸೋಣವೆಂದು ಹತ್ತು ದಿನ ಕವರು ಇಟ್ಟುಕೊಂಡಿದ್ದೆ. ಇಷ್ಟೇ ಬರೆದರೆ ಅದು ಸುಳ್ಳಾಗುತ್ತದೆ. ಆದ್ದರಿಂದ ಉಳಿದದ್ದನ್ನೂ ಬರೆಯುತ್ತೇನೆ. ಅವ್ವನಿಗೆ ಓದಿ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಬಾಲದ ಗೇರ್‌ಬಾಕ್ಸಿನ ಆಯಿಲ್ ಸೀಲು ಆಗಸ್ಟ್ ಕೊನೆಯಿಂದಲೇ ಸೋರುತ್ತಿತ್ತು. ಲಾಗ್ ಬುಕ್ಕಿನಲ್ಲಿ ಮೂರು ಸಲ ಬರೆದೆ. ಮೂರು ಸಲವೂ ಮೇಲಿನ ಇಂಜಿನಿಯರು ಇಲ್ಲಿ ಹೊಸೂರಿನಲ್ಲಿ ಕೂತೇ, ಯಂತ್ರವನ್ನು ನೋಡದೆ, ‘ಮುಂದಿನ ಸರ್ವಿಸಿಗೆ’ ಎಂದು ಸಹಿ ಹಾಕಿದರು. ದಸರಾ ಮುಗಿಯುವವರೆಗೆ ಯಂತ್ರ ನಿಲ್ಲಿಸುವ ಹಾಗಿಲ್ಲ ಎಂದು ಮ್ಯಾನೇಜರು ಫೋನಿನಲ್ಲಿ ಹೇಳಿದರು. ಗೇರ್‌ಬಾಕ್ಸಿನಲ್ಲಿ ಹಲ್ಲು ಸವೆದರೆ ಪೈಲಟ್ಟಿನ ಮುಂದೆ ಹತ್ತಬೇಕಾದ ಒಂದು ದೀಪವಿದೆ. ಅದು ಸುಮ್ಮಸುಮ್ಮನೆ ಹತ್ತುತ್ತದೆಂದು ಜೂನ್‌ನಲ್ಲೇ ಅದರ ವೈರು ಬಿಚ್ಚಿಟ್ಟಿದ್ದರು. ಹಾಗಾಗಿ ಉಳಿದದ್ದು ಆ ಗಾಜೊಂದೇ. ದಿನಾ ಬೆಳಿಗ್ಗೆ ನೋಡುತ್ತಿದ್ದೆ, ಮಟ್ಟ ಇಳಿದಿದ್ದರೆ ಆಯಿಲ್ ಹಾಕುತ್ತಿದ್ದೆ. ಮೂರು ದಿನಕ್ಕೋ ನಾಲ್ಕು ದಿನಕ್ಕೋ ಒಂದು ಸಲ.

ಪೂಜೆಯ ಮಾರನೆಯ ಬೆಳಿಗ್ಗೆ ಬಟ್ಟೆ ಹಿಡಿದುಕೊಂಡೇ ಬಾಲದ ಹತ್ತಿರ ಹೋದೆ. ನಿಮ್ಮ ಮೂರು ಬೆರಳಿನ ಗುರುತು ಹಾಗೇ ಇತ್ತು. ನಿಮಗೆ ನೆನಪಿದೆಯೋ ಇಲ್ಲವೋ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಆಯುಧಪೂಜೆಯ ಮಾರನೆ ದಿನ ನಿಮ್ಮ ಮೊಪೆಡ್ ಹೊಳೆಯಲಿ ಎಂದು ವಿಭೂತಿಯನ್ನೆಲ್ಲ ಒರೆಸಿಬಿಟ್ಟಿದ್ದೆ. ನೀವು ಬೆನ್ನಿಗೆ ಒಂದು ಏಟು ಕೊಟ್ಟಿರಿ. “ಪೂಜೆ ಮಾಡಿದ್ದ ಒರುಸ್ತಾರೇನಮ್ಮಿ? ಅದು ತಾನಾಗೇ ಹೋಗ್ಬೇಕು ಕಣಮ್ಮಿ” ಅಂದಿರಿ. ಆಮೇಲೆ ಪ್ರತಿ ವರ್ಷ ಮಳೆಗೋ ಧೂಳಿಗೋ ಅದು ಹೋಗುವ ತನಕ ನಾನು ಕಾಯುತ್ತಿದ್ದೆ.

ಬಟ್ಟೆಯನ್ನು ಜೇಬಿಗೆ ಹಾಕಿಕೊಂಡೆ. ಪೂಜೆಯ ದಿನ ಬೆಳಿಗ್ಗೆಯಷ್ಟೇ ಆಯಿಲ್ ಹಾಕಿದ್ದೆ, ಭಾನುವಾರದವರೆಗೆ ಸಾಕು ಎಂದು ಲೆಕ್ಕ ಹಾಕಿದೆ. ಆದರೆ ಆ ಮೂರು ದಿನ ರಜೆಯ ಜನ. ದಿನಕ್ಕೆ ಎಂಟು ಸುತ್ತು ಹೋಗುತ್ತಿದ್ದ ಯಂತ್ರ ದಿನಕ್ಕೆ ಇಪ್ಪತ್ತಾರು ಸುತ್ತು ಹೋಯಿತು. ನಾಲ್ಕು ಬೆಳಿಗ್ಗೆಯೂ ಚೆಕ್ ಲಿಸ್ಟಿನಲ್ಲಿ ‘ಬಾಲದ ಆಯಿಲ್’ ಎಂಬುದರ ಎದುರು ರೈಟ್ ಗುರುತು ಹಾಕಿದೆ. ನೋಡದೆ ಹಾಕಿದೆ, ಅಪ್ಪಾಜಿ. ಐದನೇ ತಾರೀಖಿನದೂ ಸೇರಿ ನಾಲ್ಕು.

ಮಾದಮ್ಮ ಜುಲೈನಿಂದ ಕೇಳುತ್ತಿದ್ದಳು. “ಮಿಸಿನ್ ಮೇಡಮ್ಮಾರೆ, ಈ ಮುದ್ಕೀನೂ ಒಂದ್ಸಲ ಅತ್ತುಸ್ರಮ್ಮ, ಮ್ಯಾಲಿಂದ ನಮ್ಮನೆ ಎಂಗ್ ಕಾಣ್ತದೋ ನೋಡ್ಬೇಕು” ಎಂದು. ಆ ಭಾನುವಾರ ಸೀಟು ಖಾಲಿಯಿತ್ತು. ಕ್ಯಾಪ್ಟನ್ ಒಪ್ಪಿದರು. ಬೆಲ್ಟ್ ಹಾಕುವಾಗ ಅವಳ ಕೈ ತಣ್ಣಗಿತ್ತು. “ಎದ್ರುಕೋಬೇಡ, ನಾನೇ ನೋಡಿರೋ ಮಿಷಿನ್ನು” ಅಂದೆ.

ಕಂಪನಿಯವರು ನನ್ನ ಲಿಖಿತ ಹೇಳಿಕೆಯನ್ನು ತಾವೇ ಟೈಪ್ ಮಾಡಿಸಿ ತಂದಿದ್ದಾರೆ. ಅದರಲ್ಲಿ ಸೀಲಿನ ಮಾತಿಲ್ಲ. ಪೂಜೆ ಇದೆ, ನಿಮ್ಮ ಹೆಸರು ಇದೆ. ಸಹಿ ಮಾಡಿದರೆ ನನ್ನ ಕೆಲಸಕ್ಕೂ ಲೈಸೆನ್ಸ್ ಪರೀಕ್ಷೆಗೂ ತೊಂದರೆ ಬರುವುದಿಲ್ಲವಂತೆ. ಸಹಿ ಮಾಡುವುದಿಲ್ಲ ಎಂದು ಹೇಳಿದ್ದೇನೆ. ನಾನೇ ಬೇರೆ ಬರೆದುಕೊಡುತ್ತೇನೆ. ಅದರಲ್ಲಿ ಸೀಲು, ವೈರು, ಲಾಗ್ ಬುಕ್ಕು, ನನ್ನ ರೈಟ್ ಗುರುತು ಎಲ್ಲ ಇರುತ್ತದೆ. ಪೂಜೆಯ ವಿಷಯ ಇರುವುದಿಲ್ಲ. ಗಾಜು ನೋಡಲಿಲ್ಲ ಎಂದರೆ ಸಾಕಲ್ಲವೇ? ಯಾಕೆ ನೋಡಲಿಲ್ಲ ಎಂಬುದು ನನ್ನಲ್ಲೇ ಇರಲಿ.

ತನಿಖೆಯವರಿಗೆ ಡಿಸೆಂಬರ್ 15ರೊಳಗೆ ಕೊಡಬೇಕು.

ಕಾವ್ಯ

ಹರದನಹಳ್ಳಿ
3 ಡಿಸೆಂಬರ್ 2025

ಕಾವ್ಯಾ,

ಮೊಪೆಡ್ಡಿನ ಏಟು ನನಗೆ ನೆನಪಿಲ್ಲ. ನಿನ್ನ ಅವ್ವನಿಗೆ ನೆನಪಿದೆ. ‘ಐದು ಬೆರಳೂ ಮೂಡಿದ್ದವು’ ಎಂದಳು. ಅವಳಿಗೆ ಪೂರ್ತಿ ಓದಿ ಹೇಳಿದೆ. ಕೇಳಿ, ಎದ್ದುಹೋಗಿ ಅಕ್ಕಿ ಆರಿಸುತ್ತಾ ಕೂತಳು. ಅವತ್ತಿಗೆ ಬೇಕಾದ ಅಕ್ಕಿ ಆಗಲೇ ಬೆಂದಿತ್ತು.

ಆ ಏಟಿನ ಜೊತೆಗೆ ನಾನು ಹೇಳಬೇಕಾಗಿದ್ದ ಇನ್ನೊಂದು ಮಾತಿತ್ತು. ನಿನಗೆ ಹೇಳಲಿಲ್ಲ. ಡಿಪೋದಲ್ಲಿ ಪೂಜೆ ಮಾಡಿದ್ದನ್ನು ಒರೆಸುತ್ತಿರಲಿಲ್ಲ, ನಿಜ. ಆದರೆ ಗಾಜಿಗೆ ಇಡಲು ಬಿಡುತ್ತಿರಲಿಲ್ಲ. ಹೆಡ್‌ಲೈಟು, ಕನ್ನಡಿ, ಮುಂದಿನ ಗ್ಲಾಸು, ಯಾವುದಕ್ಕೂ ಇಲ್ಲ. ಡ್ರೈವರ್ ಗುರುಸಿದ್ದಯ್ಯ ಒಂದು ವರ್ಷ ಭಕ್ತಿ ಹೆಚ್ಚಾಗಿ ಎರಡು ಹೆಡ್‌ಲೈಟಿಗೂ ವಿಭೂತಿ ಬಳಿದಿದ್ದ. “ಏನ್ಲಾ ಗುರುಸಿದ್ದ, ರಾತ್ರಿ ತೆರಕಣಾಂಬಿ ರೋಡಲ್ಲಿ ನಿಂಗೆ ದೇವ್ರೇ ಬೆಳ್ಕು ಬುಡ್ತಾನಾ?” ಎಂದು ಬೈದು ನಾನೇ ಒರೆಸಿದ್ದೆ. ನಾನೇ, ನನ್ನ ಹೆಗಲ ಮೇಲಿನ ಟವಲಿನಲ್ಲಿ. ಏನೂ ಆಗಲಿಲ್ಲ. ಬಸ್ಸು ಆ ವರ್ಷವೆಲ್ಲ ಓಡಿತು.

ಬಸ್ಸಾಗಿದ್ದರೆ ನನಗೆ ಗೊತ್ತಾಗುತ್ತಿತ್ತು. ಹೆಲಿಕಾಪ್ಟರಿನಲ್ಲಿ ಗೊತ್ತಾಗಲಿಲ್ಲ. ಗೊತ್ತಿಲ್ಲದ ಯಂತ್ರದ ಮೇಲೆ ಕೈಯಿಡುವ ಮೊದಲು ಕೇಳಬೇಕು ಎಂದು ಮೂವತ್ತೊಂದು ವರ್ಷ ಹೊಸಬರಿಗೆ ಹೇಳಿದವನು, ಮಗಳನ್ನು ‘ಇದೇನಮ್ಮಿ’ ಎಂದು ಕೇಳಲಿಲ್ಲ. ಹತ್ತು ಜನ ನೋಡುತ್ತಿದ್ದರು. ಕೇಳಿದರೆ ಗೊತ್ತಿಲ್ಲದವನಂತೆ ಕಾಣುತ್ತೇನೆ ಅನ್ನಿಸಿತು. ಅಷ್ಟೇ ಕಾರಣ. ಅದು ಗಾಜು ಎಂದು ನೀನು ಆಗಲೇ ಹೇಳದೆ ಹೋದದ್ದೂ, ಎಲ್ಲರೆದುರು ನನಗೆ ಅವಮಾನ ಆಗದಿರಲಿ ಎಂದೇ ಇರಬೇಕು.

ಆದ್ದರಿಂದ ಪೂಜೆಯನ್ನು ಬಿಟ್ಟು ಬರೆಯಬೇಡ. ನನ್ನ ಹೆಸರು, ತಂದೆಯ ಹೆಸರು, ಊರು ಎಲ್ಲ ಹಾಕು. ಸೀಲನ್ನು ಬಿಟ್ಟರೆ ಕಂಪನಿಯವರ ಸುಳ್ಳಾಗುತ್ತದೆ. ವಿಭೂತಿಯನ್ನು ಬಿಟ್ಟರೆ ನಮ್ಮ ಸುಳ್ಳಾಗುತ್ತದೆ. ಮುಂದೆ ಯಾವನಾದರೂ ಅದೇ ಗಾಜಿನ ಮೇಲೆ ಬೆರಳು ಎಳೆಯದೇ ಇರಬೇಕಾದರೆ ಇದು ಎಲ್ಲಾದರೂ ಬರೆದಿರಬೇಕು. ನಾನೂ ನನ್ನ ಹೇಳಿಕೆಯನ್ನು ತನಿಖೆಯವರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ, ಪ್ರತಿ ಇದರ ಜೊತೆ ಇದೆ. ಈಗ ನೀನು ಮುಚ್ಚಿಟ್ಟರೂ ಪ್ರಯೋಜನವಿಲ್ಲ.

ಸೋಮವಾರ ಬೇಗೂರಿಗೆ ಹೋಗಿದ್ದೆ. ಮಾದಮ್ಮನ ಗಂಡ ನಿಂಗಯ್ಯನನ್ನು ನೋಡಿ, ಗಾಜಿಗೆ ವಿಭೂತಿ ಇಟ್ಟವನು ನಾನು ಎಂದು ಹೇಳಿದೆ. ಆತ ಬೀನ್ಸ್ ಬಳ್ಳಿಗೆ ಕಡ್ಡಿ ನೆಡುತ್ತಿದ್ದ. ಇನ್ನೆರಡು ಕಡ್ಡಿ ನೆಟ್ಟ. ಆಮೇಲೆ, “ಗೊತ್ತು ಸ್ವಾಮಿ. ಪೊರ್ಕೆಗೂ ಇಕ್ಕುಸ್ಕಬಂದಿದ್ಲು. ಮನೇಲದೆ” ಅಂದ.

ಅವನದು ಶೀಟಿನ ಮನೆ. ಮೇಲೆ ಒಂದು ಕೆಂಪು ಸೀರೆ ಹಾಸಿ, ಗಾಳಿಗೆ ಹಾರದಂತೆ ಸುತ್ತ ಕಲ್ಲು ಇಟ್ಟಿದ್ದಾನೆ. ಕೇಳಿದೆ. ಆ ಭಾನುವಾರ ಬೆಳಿಗ್ಗೆ ಅವಳೇ ಹಾಸಿಸಿದ್ದಂತೆ. “ಮ್ಯಾಲಿಂದ ಎಲ್ಲಾ ಮನೆನೂ ಒಂದೇ ತರ ಕಾಣ್ತವಂತೆ, ಗುರ್ತುಗೆ ನನ್ ಸೀರೆ ಆಕು ಅಂದ್ಲು. ಆಕ್ದೆ. ಅಂಗಳದಲ್ ನಿಂತ್ಕಂಡು ಟವಲ್ ಬೀಸುನು ಅಂತ ಕಾಯ್ತಿದ್ದೆ.”

ಎರಡು ತಿಂಗಳಾಯಿತು. ಇಳಿಸಿಲ್ಲ. ಮಗ ಇಳಿಸಲು ಹೋದಾಗ ಬೈದನಂತೆ. ನಾನು ಹೊರಟಾಗ ರಸ್ತೆಯವರೆಗೆ ಬಂದು ಒಂದು ಮಾತು ಕೇಳಿದ. “ಆ ಪೈಲಟ್ನೋರು ಬದ್ಕವ್ರಲ್ಲ ಸ್ವಾಮಿ. ಒಂದ್ ಮಾತ್ ಕೇಳ್ಸಿ. ಅವ್ಳು ಮನೆ ನೋಡುದ್ಲಾ?”

ಕೇಳಿ ತಿಳಿಸು.

ಅಪ್ಪಾಜಿ

ಹೊಸೂರು
22 ಡಿಸೆಂಬರ್ 2025

ಅಪ್ಪಾಜಿ,

ಹೇಳಿಕೆಯನ್ನು 12ಕ್ಕೇ ಕೊಟ್ಟೆ. ಕೈಬರಹದಲ್ಲಿ ಹನ್ನೊಂದು ಪುಟ. ಎಲ್ಲ ಇದೆ. ಏಳನೇ ಪುಟದಲ್ಲಿ ನೀವಿದ್ದೀರಿ. ತನಿಖೆಗೆ ಬಂದ ಹಿರಿಯ ಅಧಿಕಾರಿ ಆ ಪುಟವನ್ನು ಎರಡು ಸಲ ಓದಿಸಿ ಕೇಳಿಸಿಕೊಂಡರು. ಗೇರ್‌ಬಾಕ್ಸ್ ಬಿಚ್ಚಿದಾಗ ಒಳಗೆ ಎರಡು ಚಮಚದಷ್ಟೂ ಆಯಿಲ್ ಇರಲಿಲ್ಲವಂತೆ. “ಆ ಸೀಲನ್ನು ಆಗಸ್ಟ್‌ನಲ್ಲೇ ಬದಲಿಸಿದ್ದರೆ ಗಾಜಿನ ಮೇಲೆ ಏನಿದ್ದರೂ ಯಂತ್ರ ಬೀಳುತ್ತಿರಲಿಲ್ಲ. ನೀನು ಗಾಜು ಒರೆಸಿದ್ದರೂ ಬೀಳುತ್ತಿರಲಿಲ್ಲ. ಎರಡನ್ನೂ ಬರೆಯುತ್ತೇನೆ” ಎಂದರು. ಅವರು ಸಮಾಧಾನ ಹೇಳಲಿಲ್ಲ. ಅದು ಒಳ್ಳೆಯದಾಯಿತು.

ಕಂಪನಿಯವರು ಮಾರನೆಯ ದಿನವೇ ನನ್ನನ್ನು ತೆಗೆದರು. ಲೈಸೆನ್ಸ್ ಪರೀಕ್ಷೆಗೆ ಎರಡು ವರ್ಷ ಕೂರುವ ಹಾಗಿಲ್ಲ ಎಂದು ಆಗಬಹುದು, ಪೂರ್ತಿ ಇಲ್ಲ ಎಂದೂ ಆಗಬಹುದು.

ಮೈಸೂರಿಗೆ ಹೋಗಿ ಕ್ಯಾಪ್ಟನ್ ಸೋಮೇಶ್ ಅವರನ್ನು ಕಂಡೆ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಬೈಯುತ್ತಾರೆ ಎಂದುಕೊಂಡು ಹೋಗಿದ್ದೆ. “ನಾನೂ ಹತ್ತುವ ಮೊದಲು ಆ ಗಾಜು ನೋಡಬೇಕಿತ್ತು. ನಿಮ್ಮ ತಂದೆ ಇಟ್ಟದ್ದು ಅಂತ ನಾನೂ ಬಿಟ್ಟೆ” ಅಂದರು. ಅದನ್ನು ಅವರೂ ಬರೆದುಕೊಟ್ಟಿದ್ದಾರಂತೆ.

ನಿಂಗಯ್ಯನವರ ಪ್ರಶ್ನೆ ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಏರುವಾಗ ಮಾದಮ್ಮ ಕಣ್ಣು ಬಿಡಲಿಲ್ಲವಂತೆ. ಆಮೇಲೆ ಬಿಟ್ಟು, ಹೂವಿನ ಹೊಲ ನೋಡಿ ‘ಅರಿಸ್ನ ಚೆಲ್ದಂಗದೆ’ ಅಂದಳಂತೆ. ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ‘ಕೆಂಪು ಸೀರೆ ಆಕ್ಸಿವ್ನಿ, ಆ ಕಡೆ’ ಎಂದು ಎಡಗಡೆ ಕೈ ತೋರಿಸಿದಳಂತೆ. ಅವರು ಎಡಕ್ಕೆ ತಿರುಗಿಸಲು ಹೋದರು. ಆಗಲೇ ಬಾಲ ಕೈಬಿಟ್ಟಿತು. ಮನೆ ಇನ್ನೂ ಅರ್ಧ ನಿಮಿಷದ ದೂರದಲ್ಲಿತ್ತು, ನಡುವೆ ತೆಂಗಿನ ತೋಟ ಅಡ್ಡ ಇತ್ತು.

ನೋಡಲಿಲ್ಲ, ಅಪ್ಪಾಜಿ.

ಇದನ್ನು ನಿಂಗಯ್ಯನವರಿಗೆ ಏನೆಂದು ಹೇಳಬೇಕೋ ನೀವೇ ಯೋಚಿಸಿ. ಬೇರೆ ಏನಾದರೂ ಹೇಳಿದರೂ ನಾನು ತಪ್ಪು ಎನ್ನುವುದಿಲ್ಲ.

ಕಾವ್ಯ

ಹರದನಹಳ್ಳಿ
6 ಜನವರಿ 2026

ಚಿರಂಜೀವಿ ಕಾವ್ಯಾ,

ನಿನ್ನೆ ಬೇಗೂರಿಗೆ ಹೋಗಿಬಂದೆ.

ಚಾಮರಾಜನಗರದಲ್ಲಿ ಬಸ್ ಹತ್ತಿದಾಗ ‘ನೋಡಿದಳು’ ಎಂದು ಹೇಳಿಬಿಡಬೇಕು ಅಂದುಕೊಂಡಿದ್ದೆ. ತೆರಕಣಾಂಬಿ ದಾಟುವವರೆಗೆ ಅದನ್ನೇ ಜೋಡಿಸುತ್ತಿದ್ದೆ: ನೋಡಿದಳು, ಕೈ ಬೀಸಿದಳು, ನಕ್ಕಳು. ಗುಂಡ್ಲುಪೇಟೆಯಲ್ಲಿ ಇಳಿದು ಮೈಸೂರು ಬಸ್ಸಿಗೆ ಕಾಯುತ್ತಾ ನಿಂತಾಗ ನಿನ್ನ ನಾಲ್ಕು ರೈಟ್ ಗುರುತು ನೆನಪಾಯಿತು. ನೋಡದ್ದನ್ನು ನೋಡಿದೆ ಎಂದು ಬರೆದದ್ದರಿಂದಲೇ ಇಷ್ಟೆಲ್ಲ ಆದದ್ದು. ಇದು ಐದನೆಯದಾಗುತ್ತಿತ್ತು.

ನಿಂಗಯ್ಯ ಅಂಗಳದಲ್ಲಿದ್ದ. ನೀನು ಬರೆದದ್ದನ್ನೇ ಓದಿ ಹೇಳಿದೆ. ಏನೂ ಸೇರಿಸಲಿಲ್ಲ, ಬಿಡಲಿಲ್ಲ. ‘ಅರಿಸ್ನ ಚೆಲ್ದಂಗದೆ’ ಎಂಬಲ್ಲಿ ಅವನು ಇನ್ನೊಂದು ಸಲ ಓದಿ ಎಂದ. ಓದಿದೆ.

“ಎಷ್ಟ್ ದೂರ ಇತ್ತಂತೆ?” ಎಂದು ಕೇಳಿದ.

“ಅರ್ಧ ನಿಮಿಷ.”

“ನಾನೂ ಅಂಗೇ ಅನ್ಕಂಡಿದ್ದೆ ಸ್ವಾಮಿ. ನೋಡಿದ್ರೆ ಆ ಸದ್ದಲ್ಲೂ ಕಿರುಚ್ಕಂಡಿರೋಳು. ನಂಗ್ ಕೇಳ್ಸಿರೋದು. ಅವ್ಳ ಗಂಟ್ಲು ನಿಮ್ಗೊತ್ತಿಲ್ಲ” ಅಂದ. ಟವಲನ್ನು ಹೆಗಲಿಗೆ ಹಾಕಿಕೊಂಡು, “ಎಲ್ರೂ ನೋಡುದ್ಲು ನೋಡುದ್ಲು ಅಂದ್ರು. ಕಂಪ್ನಿಯೋರೂ ಅಂದ್ರು. ಯಾರೂ ಕೇಳ್ಕಬಂದಿರ್ನಿಲ್ಲ” ಅಂದ.

ಆಮೇಲೆ ಅವನೇ ಹೋಗಿ ಏಣಿ ತಂದು ಗೋಡೆಗೆ ಒರಗಿಸಿದ. ಮೊಣಕಾಲು ನೋವು, ಹತ್ತಲಾಗುವುದಿಲ್ಲ ಎಂದ. ಮಗನನ್ನು ಕರೆಯಲಿಲ್ಲ. ನಾನು ಹತ್ತಿದೆ. ಕಲ್ಲುಗಳನ್ನು ಒಂದೊಂದಾಗಿ ಅವನ ಕೈಗೆ ಕೊಟ್ಟೆ, ಒಟ್ಟು ಹದಿಮೂರು. ಸೀರೆಯನ್ನು ಕೆಳಗೆ ಬಿಟ್ಟೆ, ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮೂರು ತಿಂಗಳ ಬಿಸಿಲಿಗೆ, ನಡುವೆ ಬಂದ ಮಳೆಗೆ, ಬಣ್ಣ ಪೂರ್ತಿ ಬಿಟ್ಟು ಮಣ್ಣಿನ ಹಾಗಾಗಿತ್ತು. ಕಲ್ಲು ಕೂತಿದ್ದ ಕಡೆ ಮಾತ್ರ ಕೆಂಪು ಹಾಗೇ ಉಳಿದಿತ್ತು. ಆ ಗುರುತುಗಳನ್ನು ಅವನು ಬೆರಳಿನಿಂದ ಮುಟ್ಟಿ ಎಣಿಸಿದ. ಅಂಚಿಗೆ ಅಂಚು ಸೇರಿಸಿ ಇಬ್ಬರೂ ಮಡಿಸಿದೆವು.

ಟೀ ಕುಡಿದು ಹೋಗಿ ಎಂದ. ಕುಡಿದೆ. ಪೊರಕೆ ಒಲೆಯ ಮೂಲೆಯಲ್ಲಿತ್ತು. ಹಿಡಿಯ ಮೇಲೆ ನನ್ನ ಮೂರು ಪಟ್ಟೆ ಇನ್ನೂ ಇತ್ತು. ನಾನು ನೋಡುತ್ತಿರುವುದನ್ನು ನೋಡಿ, “ಅದ ಇರ್ಲಿ ಬುಡಿ ಸ್ವಾಮಿ” ಅಂದ.

ಮನೆಗೆ ಬಂದು ನಮ್ಮ ಮೊಪೆಡ್ಡಿನ ಹೆಡ್‌ಲೈಟ್ ನೋಡಿದೆ. ಆಯುಧಪೂಜೆಯ ದಿನ ಬೆಳಿಗ್ಗೆ, ಬೇಗೂರಿಗೆ ಹೊರಡುವ ಅವಸರದಲ್ಲಿ, ಅದರ ಗಾಜಿಗೂ ಒಂದು ಬೊಟ್ಟು ತಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎರಡು ಕ್ಷಣದ ಕೆಲಸ.

ನೀನು ಊರಿಗೆ ಬರುವ ದಿನ ಬಸ್ ಇಳಿದು ಫೋನ್ ಮಾಡಿಸು. ಮೊಪೆಡ್ ತಂದು ಕರೆದುಕೊಂಡು ಬರುತ್ತೇನೆ. ಕತ್ತಲಾದರೂ ಪರವಾಗಿಲ್ಲ.

ಇಂತಿ,
ಅಪ್ಪಾಜಿ